ಗೊಟ್ಟಾರ್ಡ್ ಘಾಟಿಯ ಹಳೆಯ ದಾರಿ



ಘಾಟಿ ರಸ್ತೆ ಎಂದರೆ ಏನೆಂದು ನಮ್ಮ ಕೇಳುಗರಿಗೆ ವಿವರಿಸಬೇಕಾಗಿಲ್ಲ. ತಾಳವಾಡಿಯವರು ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ವಯನಾಡಿನವರಿಗೆ ತಾಮರಶ್ಶೇರಿ ಚುರದ ಒಂಬತ್ತು ತಿರುವುಗಳು ಬಾಯಿಪಾಠ. ಘಾಟಿಯ ಮೇಲೊಂದು ಮಾತು, ಕೆಳಗೊಂದು ಮಾತು ಎಂಬುದೂ ನಮಗೆ ಹೊಸತಲ್ಲ. ಇವತ್ತು ದೂರದ ಒಂದು ಘಾಟಿಯ ಚರಿತ್ರೆ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿರುವ ಸೇಂಟ್ ಗೊಟ್ಟಾರ್ಡ್ ಘಾಟಿ ಅದು. ಒಂದು ಕಾಲಕ್ಕೆ ಯುರೋಪಿನ ಹೆಸರಾಂತ ಹೆದ್ದಾರಿಯಾಗಿದ್ದ ಅದರ ಹಳೆಯ ರಸ್ತೆಯಲ್ಲಿ ಇಂದು ಬೇಸಿಗೆಯ ಮುಂಜಾನೆ ಹೆಚ್ಚಾಗಿ ಕಾಣಸಿಗುವವರು ಸೈಕಲ್ ಸವಾರರು. ಅಷ್ಟು ದೊಡ್ಡ ದಾರಿ ಇಷ್ಟು ಮೌನವಾದದ್ದು ಹೇಗೆ ಎಂಬುದೇ ಇವತ್ತಿನ ವಿಷಯ.

ಘಾಟಿಯ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಹರಿಯುವ ರಾಯ್ಸ್ ನದಿಯ ನೀರು ರೈನ್ ನದಿಯನ್ನು ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಹರಿಯುವ ತಿಚೀನೊ ನದಿಯ ನೀರು ಪೋ ನದಿಯ ಮೂಲಕ ಇಟಲಿಯ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ನೀರು ಒಡೆಯುವ ಜಾಗದಲ್ಲೇ ಮಾತೂ ಒಡೆಯುತ್ತದೆ. ಉತ್ತರದ ಊರಿ ಪ್ರಾಂತದವರು ಜರ್ಮನ್ ಆಡುತ್ತಾರೆ, ದಕ್ಷಿಣದ ತಿಚೀನೊ ಪ್ರಾಂತದವರು ಇಟಾಲಿಯನ್ ಆಡುತ್ತಾರೆ. ಅಲ್ಲಿ ಪ್ರಾಂತಕ್ಕೆ ಕ್ಯಾಂಟನ್ ಎನ್ನುತ್ತಾರೆ.

ಈ ಘಾಟಿಗೆ ಬಹುಕಾಲ ದಾರಿಯಾಗದಂತೆ ಅಡ್ಡ ನಿಂತದ್ದು ಉತ್ತರದ ಶೋಲ್ಲೆನೆನ್ ಎಂಬ ಕಮರಿ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ನಡುವೆ ಭೋರ್ಗರೆಯುವ ನದಿ. 13ನೆಯ ಶತಮಾನದಲ್ಲಿ ಬಂಡೆಗೆ ಒತ್ತಿಕೊಂಡಂತೆ ಮರದ ಅಟ್ಟಣೆ ಕಟ್ಟಿ, ಸೇತುವೆ ಹಾಕಿ ದಾರಿ ಮಾಡಿದರು. ಆ ಸೇತುವೆಗೆ ಸೈತಾನನ ಸೇತುವೆ ಎಂದು ಹೆಸರು. ಅದಕ್ಕೊಂದು ಜನಪದ ಕಥೆಯುಂಟು. ಸೇತುವೆ ನಿಲ್ಲಲಿಲ್ಲವೆಂದು ಊರವರು ಸೈತಾನನನ್ನೇ ಕರೆದರಂತೆ. ಕಟ್ಟಿಕೊಡುತ್ತೇನೆ, ಮೊದಲು ದಾಟಿದ ಜೀವ ನನಗೆ ಎಂದು ಅವನು ಕರಾರು ಹಾಕಿದ. ಊರವರು ಒಂದು ಹೋತವನ್ನು ಮೊದಲು ಓಡಿಸಿದರು. ಸಿಟ್ಟಾದ ಸೈತಾನ ಸೇತುವೆಯನ್ನು ಒಡೆಯಲು ಹೊತ್ತು ತಂದ ಬಂಡೆ ಕೆಳಗಿನ ಗ್ಯೋಶೆನೆನ್ ಊರಿನಲ್ಲಿ ಇಂದಿಗೂ ಇದೆ. 1970ರ ದಶಕದಲ್ಲಿ ಮೋಟಾರು ಹೆದ್ದಾರಿಗೆ ಅಡ್ಡವಾಯಿತೆಂದು ಆ ಬಂಡೆಯನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಸೈತಾನನ ಬಂಡೆಗೂ ಹೆದ್ದಾರಿ ಇಲಾಖೆಯಿಂದ ಬಿಡುಗಡೆಯಿಲ್ಲ.

ಅಂದಿನ ಸಾಗಾಟವೆಲ್ಲ ಹೇರು ಹೊತ್ತ ಹೇಸರಗತ್ತೆಗಳ ಮೇಲೆ. ಒಂದೊಂದು ಕಣಿವೆಯವರಿಗೆ ತಮ್ಮ ತಮ್ಮ ಗಡಿಯವರೆಗೆ ಹೇರು ಸಾಗಿಸುವ ಹಕ್ಕಿತ್ತು. ಗಡಿಯಲ್ಲಿ ಸರಕು ಇಳಿಸಿ ಮುಂದಿನವರಿಗೆ ಒಪ್ಪಿಸಬೇಕು. ಹೀಗೆ ಎರಡು ಭಾಷೆಯ ಹೇರುಗಾರರು ದಿನವೂ ಮುಖಾಮುಖಿಯಾಗುತ್ತಿದ್ದರು. ವ್ಯಾಪಾರ ನಡೆಯಬೇಕಾದರೆ ಒಬ್ಬರ ಮಾತು ಇನ್ನೊಬ್ಬರಿಗೆ ಸ್ವಲ್ಪವಾದರೂ ಬರಲೇಬೇಕಲ್ಲ!

ಆದರೆ ಘಾಟಿ ಬರೀ ಸ್ನೇಹವನ್ನೇ ತರಲಿಲ್ಲ. ದಕ್ಷಿಣ ಮಗ್ಗುಲಿನ ಲೆವೆಂತೀನಾ ಕಣಿವೆಯನ್ನು 15ನೆಯ ಶತಮಾನದಿಂದ 1798ರವರೆಗೆ ಊರಿಯವರು ಆಳಿದರು. ದಾರಿ ಯಾರ ಕೈಯಲ್ಲಿದೆಯೋ ಸುಂಕವೂ ಅವರ ಕೈಯಲ್ಲಿ. 1755ರಲ್ಲಿ ಕಣಿವೆಯವರು ದಂಗೆಯೆದ್ದಾಗ ಊರಿಯ ಸೈನ್ಯ ಬಂತು. ಫೈದೊ ಎಂಬ ಊರಿನಲ್ಲಿ ಮುಖಂಡರ ತಲೆ ಕಡಿದರು. ಕಣಿವೆಯ ಗಂಡಸರನ್ನು ಮೊಣಕಾಲೂರಿಸಿ ಕೂರಿಸಿ ಅದನ್ನು ನೋಡಿಸಿದರು. ಮುಂದೆ 1803ರಲ್ಲಿ ತಿಚೀನೊ ಸ್ವತಂತ್ರ ಪ್ರಾಂತವಾಯಿತು. 1848ರ ಸಂವಿಧಾನದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರಕ್ಕೂ ರಾಷ್ಟ್ರಭಾಷೆಯ ಸಮಾನ ಪಟ್ಟ ಸಿಕ್ಕಿತು. ಬೆಟ್ಟದಲ್ಲಿ ಉಳಿದಿದ್ದ ರೋಮಾನ್ಶ್ ಎಂಬ ಸಣ್ಣ ಭಾಷೆಗೆ ಆ ಸ್ಥಾನ ಸಿಗಲು 1938ರವರೆಗೆ ಕಾಯಬೇಕಾಯಿತು.

ಗಾಡಿ ಹೋಗುವಂಥ ರಸ್ತೆ ತಯಾರಾದದ್ದು 1830ರ ಸುಮಾರಿಗೆ. ದಕ್ಷಿಣದ ಐರೋಲೊ ಊರು 1,175 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆತ್ತಿಗೆ ಒಂಬೈನೂರು ಮೀಟರಿಗೂ ಹೆಚ್ಚು ಏರು. ಈ ಏರಿನ ಕಡಿದಾದ ಭಾಗಕ್ಕೆ ತ್ರೆಮೋಲಾ ಎಂದು ಹೆಸರು. ನಡುಗುವುದು ಎಂಬ ಅರ್ಥ ಅದರಲ್ಲಿದೆ. ಅಲ್ಲಿ 24 ಹೇರ್‌ಪಿನ್ ತಿರುವುಗಳನ್ನು ಕಲ್ಲಿನ ಗೋಡೆ ಕಟ್ಟಿ ನಿಲ್ಲಿಸಿದರು. ದಿಂಬಂಗಿಂತ ಮೂರು ತಿರುವು ಕಡಿಮೆ. 1842ರಿಂದ ಐದು ಕುದುರೆ ಕಟ್ಟಿದ ಟಪಾಲು ಗಾಡಿ ದಿನವೂ ಈ ಘಾಟಿ ದಾಟಿತು. ರುಡಾಲ್ಫ್ ಕೊಲ್ಲರ್ ಎಂಬ ಚಿತ್ರಕಾರ 1873ರಲ್ಲಿ ಬಿಡಿಸಿದ ಚಿತ್ರವೊಂದು ಸ್ವಿಸ್ ಜನಕ್ಕೆಲ್ಲ ಪರಿಚಿತ. ತಿರುವಿನಲ್ಲಿ ಧೂಳೆಬ್ಬಿಸಿ ಬರುತ್ತಿರುವ ಟಪಾಲು ಗಾಡಿ, ಅದರ ಮುಂದೆ ಹೆದರಿ ಓಡುತ್ತಿರುವ ಒಂದು ಕರು.

ಆ ಚಿತ್ರ ತಯಾರಾಗುವಾಗಲೇ ಗಾಡಿಯ ಕಾಲ ಮುಗಿಯುತ್ತ ಬಂದಿತ್ತು. ಘಾಟಿಯ ಕೆಳಗೆ 15 ಕಿಲೋಮೀಟರ್ ಉದ್ದದ ರೈಲು ಸುರಂಗದ ಕೆಲಸ 1872ರಲ್ಲಿ ಶುರುವಾಗಿತ್ತು. ಕೆಲಸಗಾರರು ಬಹುಪಾಲು ಇಟಲಿಯ ಬಡವರು. ಹೊಗೆ, ಶಾಖ, ಕೊಳೆನೀರು. ಕೊಕ್ಕೆಹುಳದ ಕಾಯಿಲೆ ಸಾವಿರಾರು ಜನರ ರಕ್ತ ಹೀರಿತು. 1875ರಲ್ಲಿ ಗ್ಯೋಶೆನೆನ್‌ನಲ್ಲಿ ಮುಷ್ಕರ ಹೂಡಿದಾಗ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಸುರಂಗದ ಅಪಘಾತಗಳಲ್ಲಿ ಸತ್ತವರೇ ಇನ್ನೂರರ ಹತ್ತಿರ. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. 1882ರಲ್ಲಿ ರೈಲು ಓಡಿತು. ಮೇಲಿನ ಘಾಟಿ ಬರಿದಾಯಿತು. ಕುದುರೆ ಸಾಕಿದವರು, ಛತ್ರ ನಡೆಸಿದವರು, ಚಳಿಗಾಲದಲ್ಲಿ ಹಿಮ ಸರಿಸಿ ಕೂಲಿ ಪಡೆದವರು ಎಲ್ಲರ ಅನ್ನಕ್ಕೂ ಪೆಟ್ಟು ಬಿತ್ತು. ಗೊಟ್ಟಾರ್ಡಿನ ಮೊದಲ ಮೌನ ಬಂದದ್ದು ಹೀಗೆ. ಆ ಊರುಗಳಿಗೆ ಅದು ಸುಖದ ಮೌನವಾಗಿರಲಿಲ್ಲ.

ಸೈಕಲ್ ಹುಟ್ಟಿದ್ದೂ ಇದೇ ಹೊತ್ತಿಗೆ. ಎರಡು ಸಮಚಕ್ರ, ಹಿಂದೆ ಚೈನು ಇರುವ ಈಗಿನ ಮಾದರಿ ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು. ಗಾಳಿ ತುಂಬಿದ ಟಯರು 1888ರಲ್ಲಿ ಬಂತು. ಕುದುರೆಗಾಡಿ ಬಿಟ್ಟುಹೋದ ರಸ್ತೆಗಳನ್ನು ಸೈಕಲ್ಲಿನವರು ಹುಡುಕಿಕೊಂಡು ಹೋದರು. 1894ರಲ್ಲಿ ಮಿಲಾನಿನಲ್ಲಿ ಇಟಲಿಯ ಟೂರಿಂಗ್ ಕ್ಲಬ್ಬನ್ನು, 1896ರಲ್ಲಿ ಜಿನೀವಾದಲ್ಲಿ ಸ್ವಿಸ್ ಟೂರಿಂಗ್ ಕ್ಲಬ್ಬನ್ನು ಕಟ್ಟಿದವರು ಸೈಕಲ್ ಸವಾರರೇ. ಮುಂದೆ ಸ್ವಿಸ್ ಕ್ಲಬ್ಬು ಮೋಟಾರು ಮಾಲೀಕರ ದೊಡ್ಡ ಸಂಸ್ಥೆಯಾಗಿ ಬೆಳೆದದ್ದು ಬೇರೆ ಮಾತು.

ಘಾಟಿ ಹತ್ತಲು ಒಂದೇ ಗೇರು ಸಾಲದು. ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದ ಪೋಲ್ ದ ವಿವಿ, ವೆಲೊಸಿಯೊ ಎಂಬ ಕಾವ್ಯನಾಮದವನು, ಸೈಕಲ್ಲಿಗೆ ಹಲವು ಗೇರುಗಳಿರಬೇಕೆಂದು ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಾದಿಸಿದ. ಗೇರು ಬದಲಿಸುವುದು ಮುದುಕರ ಲಕ್ಷಣವೆಂದು ಪಂದ್ಯದವರು ಹಂಗಿಸಿದರು. ಟೂರ್ ದ ಫ್ರಾನ್ಸ್ ಪಂದ್ಯ 1911ರಲ್ಲೇ ಗಾಲಿಬಿಯೆ ಎಂಬ ಎತ್ತರದ ಘಾಟಿ ಹತ್ತಿದರೂ, ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ಕೊಟ್ಟದ್ದು 1937ರಲ್ಲಿ. ಇಂದು ಸಾಮಾನು ಹೇರಿಕೊಂಡು ಘಾಟಿ ಹತ್ತುವ ಸಾಧಾರಣ ಜನರೆಲ್ಲ ಆ ವಾದದ ಫಲವನ್ನೇ ಉಣ್ಣುತ್ತಿದ್ದಾರೆ.

ಮೋಟಾರು ಬಂದ ಮೇಲೆ ಆಲ್ಪ್ಸಿನ ಮೌನ ಮುರಿಯಿತು. ಆದರೆ ಪಕ್ಕದ ಗ್ರೌಬುಂಡೆನ್ ಪ್ರಾಂತ ಸುಲಭವಾಗಿ ಒಪ್ಪಲಿಲ್ಲ. ಜರ್ಮನ್, ರೋಮಾನ್ಶ್, ಇಟಾಲಿಯನ್ ಮೂರೂ ಆಡುವ ಪ್ರಾಂತವದು. 1900ರಲ್ಲಿ ಅಲ್ಲಿನ ಸರಕಾರ ಎಲ್ಲ ರಸ್ತೆಗಳಲ್ಲೂ ಮೋಟಾರು ಕಾರನ್ನು ನಿಷೇಧಿಸಿತು. ಮತ್ತೆ ಮತ್ತೆ ಮತದಾನ ನಡೆಯಿತು. ಮತ್ತೆ ಮತ್ತೆ ಜನ ಬೇಡವೆಂದರು. ನಿಷೇಧ ಹೋದದ್ದು 1925ರಲ್ಲಿ. ರಸ್ತೆಯ ಮೇಲೆ ಯಾರು, ಯಾವಾಗ ಹೋಗಬೇಕೆಂಬ ತಕರಾರು ನಮ್ಮ ಗಡಿಯವರಿಗೂ ಗೊತ್ತಿದ್ದದ್ದೇ. 2009ರಲ್ಲಿ ಬಂಡೀಪುರ ಕಾಡಿನ ರಸ್ತೆಗೆ ರಾತ್ರಿ ಸಂಚಾರ ನಿಷೇಧ ಬಂದಾಗ ವಯನಾಡಿನಲ್ಲಿ ಎದ್ದ ಮಾತುಗಳು ಕೇಳುಗರಿಗೆ ನೆನಪಿರಬಹುದು. ಕಾಡಿಗೆ ಬೇಕಾದ ಮೌನ ಒಂದು ಕಡೆ, ಊರಿಗೆ ಬೇಕಾದ ದಾರಿ ಇನ್ನೊಂದು ಕಡೆ.

ಗೊಟ್ಟಾರ್ಡಿನಲ್ಲಿ ಎರಡನೆಯ ಮೌನ ಬಂದದ್ದು ಎರಡು ಹೆಜ್ಜೆಗಳಲ್ಲಿ. ಮೊದಲು ದಕ್ಷಿಣ ಮಗ್ಗುಲಿನಲ್ಲಿ ಮೋಟಾರಿಗಾಗಿ ಕಂಬಸೇತುವೆಗಳ ಹೊಸ ಅಗಲ ರಸ್ತೆ ಕಟ್ಟಿದರು. ಹೀಗಾಗಿ ಕಲ್ಲುಹಾಸಿನ ತ್ರೆಮೋಲಾವನ್ನು ಅಗಲಿಸುವ ಅಗತ್ಯ ಬೀಳಲಿಲ್ಲ. ಆಮೇಲೆ 1980ರ ಸೆಪ್ಟೆಂಬರಿನಲ್ಲಿ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗ ತೆರೆಯಿತು. ಲಾರಿಗಳು ಬೆಟ್ಟದೊಳಗೆ ಇಳಿದವು. ಸೈಕಲ್ಲಿಗೆ ಆ ಸುರಂಗದಲ್ಲಿ ಪ್ರವೇಶವಿಲ್ಲ. ಅದಕ್ಕೆ ಮೇಲಿನ ಹಳೆಯ ದಾರಿಯೇ ಗತಿ, ಅದೇ ಅದರ ಭಾಗ್ಯ. 1998ರಲ್ಲಿ ದೇಶದ ಒಂಬತ್ತು ಸೈಕಲ್ ಹಾದಿಗಳಿಗೆ ಸಂಖ್ಯೆ ಕೊಟ್ಟು ಕೆಂಪು ಫಲಕ ಹಾಕಿದಾಗ ಮೂರನೆಯ ಹಾದಿ ಈ ಘಾಟಿಯ ಮೇಲೆಯೇ ಹಾದುಹೋಯಿತು.

ಹೋಗುವವರಿಗೆ ಅನುಭವಸ್ಥರ ಬುದ್ಧಿಮಾತು ಹೀಗಿದೆ. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ದಾರಿ ತೆರೆದಿರುತ್ತದೆ; ಉಳಿದ ಕಾಲ ಹಿಮ. ಕಲ್ಲುಹಾಸಿನ ಮೇಲೆ ಇಳಿಯುವುದಕ್ಕಿಂತ ಹತ್ತುವುದು ಕ್ಷೇಮ, ಆದ್ದರಿಂದ ಐರೋಲೊ ಕಡೆಯಿಂದ ಬೆಳಗ್ಗೆ ಬೇಗ ಹೊರಡಬೇಕು. ಉತ್ತರದ ಕಮರಿಯಲ್ಲಿ ರಸ್ತೆ ಇಕ್ಕಟ್ಟು. ಗ್ಯೋಶೆನೆನ್‌ನಿಂದ ಆಂಡರ್‌ಮಾಟ್‌ವರೆಗೆ 1917ರಿಂದ ಓಡುತ್ತಿರುವ ಪುಟ್ಟ ಹಲ್ಲುಕಂಬಿಯ ರೈಲಿನಲ್ಲಿ ಸೈಕಲ್ ಹಾಕಿಕೊಳ್ಳುವವರೂ ಇದ್ದಾರೆ.

ಮೇಲಿನ ಮೌನದ ಬೆಲೆಯನ್ನು ಕೊಡುತ್ತಿರುವವರು ಕೆಳಗಿನವರು ಎಂಬುದನ್ನು ಮರೆಯಬಾರದು. ಸುರಂಗ ಬಂದ ಮೇಲೆ ಲೆವೆಂತೀನಾ ಮತ್ತು ರಾಯ್ಸ್ ಕಣಿವೆಗಳಲ್ಲಿ ಹಗಲಿರುಳು ಹೆದ್ದಾರಿಯ ಸದ್ದು. ರಜೆಯ ದಿನಗಳಲ್ಲಿ ಸುರಂಗದ ಬಾಯಲ್ಲಿ ವಾಹನಗಳ ಸಾಲು ಕಿಲೋಮೀಟರ್‌ಗಟ್ಟಲೆ. 2001ರಲ್ಲಿ ಸುರಂಗದೊಳಗೆ ಲಾರಿಗಳು ಡಿಕ್ಕಿಯಾಗಿ ಬೆಂಕಿ ಹತ್ತಿ 11 ಜನ ಸತ್ತರು. ಬೆಟ್ಟದ ಜನರ ಈ ಸಂಕಟ ದೇಶದ ಮುಂದೆ ಬಂದದ್ದು ಮತದ ಮೂಲಕ. 1994ರ ಫೆಬ್ರವರಿಯಲ್ಲಿ ಸುಮಾರು 52 ಶೇಕಡಾ ಮತದಾರರು, ಗಡಿಯಿಂದ ಗಡಿಗೆ ಹೋಗುವ ಸರಕು ರೈಲಿನಲ್ಲಿ ಹೋಗಲಿ, ಆಲ್ಪ್ಸ್ ದಾಟುವ ರಸ್ತೆಗಳ ಸಾಮರ್ಥ್ಯ ಹೆಚ್ಚಿಸಬಾರದು ಎಂದು ಸಂವಿಧಾನದಲ್ಲಿ ಬರೆಸಿದರು. 2016ರಲ್ಲಿ 57 ಕಿಲೋಮೀಟರ್ ಉದ್ದದ ಹೊಸ ರೈಲು ಸುರಂಗ ತೆರೆಯಿತು. ಅದೇ ವರ್ಷ ಎರಡನೆಯ ರಸ್ತೆ ಸುರಂಗಕ್ಕೂ ಜನ ಒಪ್ಪಿದರು, ಆದರೆ ಒಂದೊಂದು ಸುರಂಗದಲ್ಲಿ ಒಂದೇ ಸಾಲು ವಾಹನ ಓಡಬೇಕೆಂಬ ಕಟ್ಟಳೆಯೊಂದಿಗೆ.

ಬೆಟ್ಟದ ಮೇಲಿನ ದಾರಿಯ ಮೌನ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಸುರಂಗ ಕೊರೆದು ಸತ್ತವರಿದ್ದಾರೆ, ಅನ್ನ ಕಳೆದುಕೊಂಡ ಗಾಡಿಯವರಿದ್ದಾರೆ, ಮತ ಹಾಕಿದವರಿದ್ದಾರೆ, ಸದ್ದು ಸಹಿಸುವವರಿದ್ದಾರೆ. 1755ರಲ್ಲಿ ಮೊಣಕಾಲೂರಿದ ಕಣಿವೆ, ಇಂದು ಊರಿಯವರ ಜೊತೆ ಸಮನಾಗಿ ನಿಂತು ಅದೇ ದಾರಿಯ ಬಗ್ಗೆ ತನ್ನ ಭಾಷೆಯಲ್ಲೇ ಮತ ಹಾಕುತ್ತದೆ. ಎರಡು ಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಆ ಘಾಟಿಯಿಂದ ಕಲಿಯುವುದಿದ್ದರೆ ಇದನ್ನೇ ಕಲಿಯಬೇಕು: ದಾರಿ ಇಬ್ಬರದೂ ಆಗಿದ್ದರೆ, ಅದರ ಬಗೆಗಿನ ಮಾತೂ ಇಬ್ಬರದೂ ಆಗಿರಬೇಕು.