ಲೋಹದ ನ್ಯಾನೊಕಣ ಮತ್ತು ಸರಂಧ್ರ ಇಂಗಾಲದಲ್ಲಿ ಜಲಜನಕ ಸಂಗ್ರಹಣೆ: ಸಾರ್ವಜನಿಕ ಮಾಹಿತಿ

ಪೀಠಿಕೆ

ಜಲಜನಕವು ಉರಿದಾಗ ನೀರನ್ನು ನೀಡುವ ಇಂಧನ. ಒಂದು ಕಿಲೋಗ್ರಾಂ ಜಲಜನಕದಲ್ಲಿ ಸುಮಾರು 33 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿರುತ್ತದೆ. ಆದರೆ ಸಾಮಾನ್ಯ ಉಷ್ಣತೆ ಮತ್ತು ಒತ್ತಡದಲ್ಲಿ ಅಷ್ಟು ಅನಿಲಕ್ಕೆ ಸುಮಾರು 12 ಘನ ಮೀಟರ್ ಸ್ಥಳ ಬೇಕಾಗುತ್ತದೆ. ಆದುದರಿಂದ ವಾಹನಗಳಲ್ಲಿ ಇದನ್ನು 350 ಅಥವಾ 700 ಬಾರ್ ಒತ್ತಡದಲ್ಲಿ ತುಂಬಲಾಗುತ್ತದೆ. ದ್ರವರೂಪಕ್ಕೆ ತರಲು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕಾಗುತ್ತದೆ. ಘನವಸ್ತುವಿನಲ್ಲಿ ಹಿಡಿದಿಡುವುದು ಮೂರನೆಯ ವಿಧಾನವಾಗಿದೆ.

ಕಾರ್ಯವಿಧಾನ

ಮೆಗ್ನೀಷಿಯಂ ಲೋಹವು ಜಲಜನಕದೊಡನೆ ಸೇರಿ ಹೈಡ್ರೈಡ್ ಆಗುತ್ತದೆ. ಹೈಡ್ರೈಡಿನ ತೂಕದಲ್ಲಿ ಶೇ. 7.6ರಷ್ಟು ಜಲಜನಕವಿರುತ್ತದೆ. ಅದನ್ನು ಮರಳಿ ಪಡೆಯಲು ಸುಮಾರು 300 ಡಿಗ್ರಿ ಶಾಖ ಬೇಕು. ದಪ್ಪ ಕಣಗಳಲ್ಲಿ ಈ ಕ್ರಿಯೆ ಬಹು ನಿಧಾನ. ಕಣಗಳನ್ನು ಕೆಲವು ನ್ಯಾನೊಮೀಟರ್‌ಗೆ ಇಳಿಸಿದರೆ ಜಲಜನಕವು ಒಳಹೋಗಿ ಹೊರಬರುವ ದೂರ ಕಡಿಮೆಯಾಗಿ ಕ್ರಿಯೆ ತ್ವರಿತಗೊಳ್ಳುತ್ತದೆ. ಆದರೆ ಪದೇ ಪದೇ ಕಾಯಿಸಿದಾಗ ಕಣಗಳು ಕೂಡಿಕೊಂಡು ಮತ್ತೆ ದಪ್ಪವಾಗುತ್ತವೆ. ಇಂಗಾಲದ ಸೂಕ್ಷ್ಮರಂಧ್ರಗಳಲ್ಲಿ ಕಣಗಳನ್ನು ಪ್ರತ್ಯೇಕವಾಗಿ ಇರಿಸುವುದರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಮಿತಿಗಳು

• ಇಂಗಾಲದ ತೂಕವೂ ಸೇರುವುದರಿಂದ ಒಟ್ಟು ಸಂಗ್ರಹಣೆಯ ಪ್ರಮಾಣ ಇಳಿಯುತ್ತದೆ.
• ಮೆಗ್ನೀಷಿಯಂ ನ್ಯಾನೊಕಣಗಳು ಗಾಳಿ ಮತ್ತು ತೇವ ತಗುಲಿದರೆ ಕೆಡುತ್ತವೆ.
• ಪಲ್ಲಾಡಿಯಂ ಸಾಮಾನ್ಯ ಉಷ್ಣತೆಯಲ್ಲಿಯೇ ಜಲಜನಕವನ್ನು ಹೀರುತ್ತದೆಯಾದರೂ ಅದು ದುಬಾರಿ ಲೋಹ.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಜೀವರಾಶಿಯನ್ನು ಆಮ್ಲಜನಕ ಮತ್ತು ನೀರಾವಿಯೊಡನೆ ಅನಿಲೀಕರಿಸಿ, ಒಂದು ಕಿಲೋಗ್ರಾಂ ಜೀವರಾಶಿಯಿಂದ ಸುಮಾರು 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ರೂಪಿಸಿದೆ. ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಅನುಮೋದನೆ ನೀಡಿತು. ಉತ್ಪಾದನೆ ಹೆಚ್ಚಿದಂತೆ ಸಂಗ್ರಹಣೆಯ ಅಗತ್ಯವೂ ಹೆಚ್ಚುತ್ತದೆ.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಭಾಗದಲ್ಲಿ ತೆಂಗು ಬೆಳೆಯುತ್ತದೆ. ತೆಂಗಿನ ಕರಟವು ಸಕ್ರಿಯ ಇಂಗಾಲದ ಉತ್ತಮ ಕಚ್ಚಾವಸ್ತು. ಕರಟದ ಇದ್ದಿಲನ್ನು ಹೆಚ್ಚಿನ ಉಷ್ಣತೆಯಲ್ಲಿ ನೀರಾವಿಯಿಂದ ಸಂಸ್ಕರಿಸಿದಾಗ ಒಂದು ಗ್ರಾಂ ಇಂಗಾಲದ ಒಳಮೈ ವಿಸ್ತೀರ್ಣವು 1,000 ಚದರ ಮೀಟರ್ ಮೀರಬಹುದು. ಸಾಮಾನ್ಯ ಇದ್ದಿಲಿಗೆ ಈ ಗುಣವಿರುವುದಿಲ್ಲ. ಸಕ್ರಿಯ ಇಂಗಾಲಕ್ಕೆ ಇಂದು ಬೇಡಿಕೆಯಿರುವುದು ಮುಖ್ಯವಾಗಿ ನೀರಿನ ಹಾಗೂ ಅನಿಲಗಳ ಶುದ್ಧೀಕರಣಕ್ಕೆ.

ಸಾರ್ವಜನಿಕರ ಗಮನಕ್ಕೆ

1. ಇಂಗಾಲದ ರಂಧ್ರಗಳಲ್ಲಿ ಲೋಹಕಣಗಳನ್ನು ಇರಿಸುವ ವಿಧಾನವು ಮುಖ್ಯವಾಗಿ ಸಂಶೋಧನಾ ಹಂತದಲ್ಲಿದೆ. ಜಲಜನಕ ಸಂಗ್ರಹಣೆಗೆಂದು ಕರಟ ಖರೀದಿಸುವುದಾಗಿ ಹೇಳಿ ಯಾರಾದರೂ ಮುಂಗಡ ಠೇವಣಿ ಕೇಳಿದಲ್ಲಿ, ದಾಖಲೆಗಳನ್ನು ಪರಿಶೀಲಿಸದೆ ಹಣ ನೀಡಬಾರದು.
2. ಸಂಕುಚಿತ ಅನಿಲವನ್ನು ಸಿಲಿಂಡರಿಗೆ ತುಂಬಲು 2016ರ ಅನಿಲ ಸಿಲಿಂಡರ್ ನಿಯಮಗಳ ಅನ್ವಯ ಪರವಾನಗಿ ಅಗತ್ಯ. ಅರ್ಜಿಯನ್ನು ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಗೆ ಸಲ್ಲಿಸತಕ್ಕದ್ದು.
3. ಜಲಜನಕಕ್ಕೆ ಬಣ್ಣ, ವಾಸನೆಗಳಿಲ್ಲ. ಗಾಳಿಯಲ್ಲಿ ಶೇ. 4ರಿಂದ 75ರಷ್ಟು ಬೆರೆತಾಗ ಹೊತ್ತಿಕೊಳ್ಳುತ್ತದೆ. ಹಗಲಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣುವುದು ಕಷ್ಟ. ಮನೆಯಲ್ಲಿ ತಯಾರಿಸುವ ಅಥವಾ ಶೇಖರಿಸುವ ಪ್ರಯತ್ನ ಮಾಡಬಾರದು.