ಕುಂಡದ ಟೊಮ್ಯಾಟೊ ಗಿಡದ ಎಲೆ ತೊಂದರೆಗಳು

ಕುಂಡ ಅಥವಾ ಗ್ರೋ ಬ್ಯಾಗಿನಲ್ಲಿ ಬೆಳೆಸಿದ ಟೊಮ್ಯಾಟೊ ಗಿಡದ ಎಲೆ ಹಳದಿಯಾಗುವುದು, ಚುಕ್ಕೆ ಬೀಳುವುದು, ಮುದುರುವುದು, ಬಾಡುವುದು ಇವುಗಳಿಗೆ ನೀರು-ಗೊಬ್ಬರದ ಏರುಪೇರು, ಕೀಟ-ನುಸಿ ಅಥವಾ ಶಿಲೀಂಧ್ರ, ದುಂಡಾಣು, ನಂಜಾಣುಗಳು ಕಾರಣ. ಲಕ್ಷಣ ಮೊದಲು ಕಂಡದ್ದು ತಳದ ಹಳೆಯ ಎಲೆಯಲ್ಲೋ ತುದಿಯ ಎಳೆಯ ಎಲೆಯಲ್ಲೋ ಎಂಬುದೇ ಪತ್ತೆಯ ಮೊದಲ ಹೆಜ್ಜೆ.

ನೀರು, ಪೋಷಕಾಂಶ: ಕುಂಡದಲ್ಲಿ ಬೇರಿಗೆ ಸಿಗುವ ಮಣ್ಣು ಕಡಿಮೆ. ಬಿಸಿಲಿಗೆ ಅದು ಬೇಗ ಒಣಗುತ್ತದೆ, ತಳದ ತೂತು ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ. ಎರಡರಲ್ಲೂ ಎಲೆ ಬಾಡುವುದರಿಂದ ಬೆರಳನ್ನು ಒಂದೆರಡು ಅಂಗುಲ ಮಣ್ಣಿಗಿಳಿಸಿ ತೇವ ನೋಡಿದ ಮೇಲೆಯೇ ನೀರು ಹಾಕಬೇಕು. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷ್ ಸಾಲದಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ಕುಡಿಗೆ ಸಾಗಿಸುತ್ತದೆ. ಆದ್ದರಿಂದ ಕೊರತೆ ತಳದಲ್ಲೇ ಮೊದಲು ಕಾಣುತ್ತದೆ. ಇಡೀ ಎಲೆ ಪೇಲವವಾದರೆ ಸಾರಜನಕದ, ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಮೆಗ್ನೀಷಿಯಂನ, ಅಂಚು ಸುಟ್ಟಂತಾದರೆ ಪೊಟ್ಯಾಷ್‌ನ ಕೊರತೆ. ಕಬ್ಬಿಣ ಹಾಗೆ ಸಾಗದು. ಮಣ್ಣು ಕ್ಷಾರವಾಗಿ ಅದು ಬೇರಿಗೆ ದಕ್ಕದಿದ್ದಾಗ ತುದಿಯ ಎಲೆಗಳೇ ಹಳದಿಯಾಗುತ್ತವೆ.

ಕೀಟ, ನುಸಿ: ಎಲೆಯ ಮೇಲೆ ಬಿಳಿ ಸುರುಳಿ ಗೆರೆಗಳಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಎರಡು ಪದರಗಳ ನಡುವೆ ಮರಿಹುಳು ತಿನ್ನುತ್ತಾ ಸಾಗಿದ ದಾರಿಯೇ ಆ ಗೆರೆ. ಅಂಥ ಎಲೆಗಳನ್ನು ಚಿವುಟಿ ನಾಶಮಾಡಿದರೆ ಸಾಕು. ಸೂಜಿಮೊನೆಯಷ್ಟು ಹಳದಿ ಚುಕ್ಕೆ, ನವಿರಾದ ಬಲೆ ಕಂಡರೆ ಎಲೆಯನ್ನು ಬಿಳಿ ಹಾಳೆಯ ಮೇಲೆ ಕೊಡವಬೇಕು. ಉದುರಿದ ಕಣಗಳು ಹರಿದಾಡಿದರೆ ಅವು ಕೆಂಪು ನುಸಿಗಳು. ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸುವುದು, ಬೇವಿನ ಎಣ್ಣೆಯ ಸಿಂಪರಣೆ ಉಪಯುಕ್ತ.

ರೋಗಗಳು: ತಳದ ಎಲೆಗಳಲ್ಲಿ ಒಂದರೊಳಗೊಂದು ಉಂಗುರವಿರುವ ಕಂದು ಮಚ್ಚೆ ಆಲ್ಟರ್ನೇರಿಯ ಶಿಲೀಂಧ್ರದ ಅಂಗಮಾರಿ. ತಂಪು, ತುಂತುರು ಮಳೆಯ ದಿನಗಳಲ್ಲಿ ನೀರಲ್ಲಿ ನೆಂದಂಥ ಕಪ್ಪು ಮಚ್ಚೆ ಮೂಡಿ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದು ಫೈಟಾಫ್ತೊರ ಅಂಗಮಾರಿ. ಕೆಲವೇ ದಿನಗಳಲ್ಲಿ ಗಿಡ ಕಪ್ಪಾಗುತ್ತದೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನೆಲಕಚ್ಚಿಸಿದ್ದೂ ಇದೇ ರೋಗಾಣು. ಎಲೆ ಹಸಿರಿದ್ದಂತೆಯೇ ಗಿಡ ಹಠಾತ್ತನೆ ಸೊರಗಿದರೆ ಬುಡದ ಕಾಂಡದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ನೋಡಬೇಕು. ಕೆಲವು ನಿಮಿಷಗಳಲ್ಲಿ ಹಾಲಿನೆಳೆಯಂಥ ದ್ರವ ಇಳಿದರೆ ಅದು ದುಂಡಾಣು ಸೊರಗು ರೋಗ; ಗಿಡವನ್ನು ಕಿತ್ತುಹಾಕಬೇಕು, ಆ ಮಣ್ಣಿನಲ್ಲಿ ಬದನೆ, ಮೆಣಸಿನಕಾಯಿಯನ್ನೂ ಹಾಕಬಾರದು.

ಎಲೆ ಮುದುರು: ಇದರಲ್ಲಿ ಎರಡು ಬಗೆ. ಬಿರುಬಿಸಿಲಿಗೋ ಹೆಚ್ಚು ಕೊಂಬೆ ಸವರಿದ್ದಕ್ಕೋ ತಳದ ಎಲೆಗಳು ದಪ್ಪಗಾಗಿ, ಹಸಿರಾಗಿಯೇ ಕೊಳವೆಯಂತೆ ಸುರುಳಿಕೊಂಡರೆ ಚಿಂತೆಯಿಲ್ಲ. ತುದಿಯ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ ಮುದುರಿ, ಗಿಡ ಗಿಡ್ಡಗಾಗಿ ಪೊದೆಯಂತಾದರೆ ಅದು ಬಿಳಿನೊಣ ಹರಡುವ ಮುಟುರು ರೋಗ. ನಂಜಾಣು ಹೊಕ್ಕ ಗಿಡಕ್ಕೆ ಮದ್ದಿಲ್ಲ; ಕಿತ್ತುಹಾಕಿ, ಉಳಿದವುಗಳ ಬಳಿ ಹಳದಿ ಅಂಟುಬಲೆ ತೂಗಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿಯು ಮುಟುರು ರೋಗ, ದುಂಡಾಣು ಸೊರಗು, ಆಲ್ಟರ್ನೇರಿಯ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ.