ಹಾಡಿನೊಡನೆ ಸನ್ನೆ: ಹಸುಳೆಗಳಿಗೆ ಸಂಜ್ಞಾ ಭಾಷೆ

ನಾಲಿಗೆ, ತುಟಿ, ಉಸಿರುಗಳನ್ನು ಹೊಂದಿಸಿಕೊಂಡು ಮೊದಲ ಪದವನ್ನು ನುಡಿಯಲು ಮಗುವಿಗೆ ಸುಮಾರು ಒಂದು ವರ್ಷ ಬೇಕಾಗುತ್ತದೆ. ಕೈ ಬೀಸುವುದು, ಚಪ್ಪಾಳೆ ತಟ್ಟುವುದು, ಬೆರಳು ಮಾಡಿ ತೋರಿಸುವುದು ಸಾಮಾನ್ಯವಾಗಿ ಅದಕ್ಕೂ ಮೊದಲೇ ಬರುತ್ತವೆ. ಈ ಅವಧಿಯಲ್ಲಿ ಹಾಡಿನ ಮೂಲಕ ಹಸುಳೆಗಳಿಗೆ ಸನ್ನೆಗಳನ್ನು ಕಲಿಸುವ ಪದ್ಧತಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಬಹಳ ಜನಪ್ರಿಯವಾಗಿದೆ.

ಇದರ ಹಿಂದೆ ಶಿಶುಗೀತೆಯೊಂದರ ಪಾತ್ರವೂ ಇದೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಲಿಂಡಾ ಅಕ್ರೆಡೊಲೊ ಅವರ ಒಂದು ವರ್ಷದ ಮಗಳು 1982ರಲ್ಲಿ ಹೂವನ್ನು ಕಂಡಾಗ ಮೂಸುವಂತೆ, ಜೇಡವನ್ನು ಕಂಡಾಗ ಎರಡೂ ತೋರುಬೆರಳುಗಳನ್ನು ಉಜ್ಜುವಂತೆ ಸನ್ನೆ ಮಾಡತೊಡಗಿದಳು. ಎರಡನೆಯ ಸನ್ನೆಯನ್ನು ಆಕೆ ಕಲಿತದ್ದು ತಾಯಿ ಅಭಿನಯಿಸಿ ಹಾಡುತ್ತಿದ್ದ ಜೇಡದ ಹಾಡಿನಿಂದ. ಈ ಗಮನಿಕೆಯಿಂದ ಆರಂಭವಾದ ಸಂಶೋಧನೆಯನ್ನು ಅಕ್ರೆಡೊಲೊ ಮತ್ತು ಸುಸಾನ್ ಗುಡ್‌ವಿನ್ 1996ರಲ್ಲಿ ಪುಸ್ತಕವಾಗಿಸಿದರು. ಮಗಳಿಗೆ ಕಿವಿ ಕೇಳಿಸದೆಂದು ತಿಳಿದ ಮೇಲೆ ಸಂಜ್ಞಾ ಭಾಷೆ ಕಲಿತ ಗಾಯಕಿ ರೇಚಲ್ ಕೋಲ್ಮನ್ ಅವರ 'ಸೈನಿಂಗ್ ಟೈಮ್' ವಿಡಿಯೊ ಸರಣಿ 2002ರಲ್ಲಿ ಆರಂಭವಾಗಿ, ಹಾಡು–ಸನ್ನೆಗಳ ಜೋಡಿಯನ್ನು ಮನೆಮನೆಗೆ ತಲುಪಿಸಿತು.

ಹಾಡೇ ಏಕೆ?

ಆರು ತಿಂಗಳ ಶಿಶುಗಳು ತಾಯಿಯ ಮಾತಿಗಿಂತ ತಾಯಿಯ ಹಾಡಿನ ದೃಶ್ಯವನ್ನು ಹೆಚ್ಚು ಹೊತ್ತು ನೋಡುತ್ತವೆ ಎಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸನ್ನೆ ಕಲಿಯಬೇಕಾದರೆ ಮಗು ನೋಡಲೇಬೇಕು. ಜೊತೆಗೆ ಪಲ್ಲವಿ ಮರಳಿ ಬಂದಾಗಲೆಲ್ಲ ಅದೇ ಪದ, ಅದೇ ಸನ್ನೆ ಮರಳುತ್ತವೆ. ಮುಂದೇನು ಬರುತ್ತದೆಂದು ಮಗು ಕಾಯತೊಡಗುತ್ತದೆ.

ಆರು ತಿಂಗಳ ಸುಮಾರಿಗೆ ಇದನ್ನು ಆರಂಭಿಸಬಹುದು. ಮಗು ತಾನೇ ಸನ್ನೆ ಮಾಡಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಹಾಡನ್ನು ನಿಧಾನವಾಗಿ, ಮಗುವಿಗೆ ಮುಖ ಮತ್ತು ಕೈ ಎರಡೂ ಕಾಣುವಂತೆ ಹಾಡಬೇಕು. ಪ್ರತಿ ಪದಕ್ಕೂ ಸನ್ನೆ ಬೇಡ. 'ಹಾಲು', 'ಇನ್ನೂ ಬೇಕು' ಎಂಬಂತಹ ದಿನಬಳಕೆಯ ಒಂದೆರಡು ಪದಗಳು ಸಾಕು. ಅಮೆರಿಕದ ಸಂಜ್ಞಾ ಭಾಷೆಯಲ್ಲಿ ಹಾಲಿಗೆ ಹಸುವಿನ ಕೆಚ್ಚಲು ಹಿಂಡುವಂತೆ ಮುಷ್ಟಿಯನ್ನು ಬಿಗಿದು ಸಡಿಲಿಸುತ್ತಾರೆ. ಸನ್ನೆಗೆ ಮೊದಲು ಕ್ಷಣಕಾಲ ನಿಂತರೆ ಮಗುವಿಗೆ ಪ್ರತಿಕ್ರಿಯಿಸಲು ಅವಕಾಶ ದೊರೆಯುತ್ತದೆ.

ಲಾಭದ ಲೆಕ್ಕ

ಸನ್ನೆ ಕಲಿತ ಮಗು ಬೇಗ ಮಾತನಾಡುತ್ತದೆ, ಹೆಚ್ಚು ಬುದ್ಧಿವಂತವಾಗುತ್ತದೆ ಎಂಬ ಪ್ರಚಾರ ಸಾಕಷ್ಟಿದೆ. ಅಕ್ರೆಡೊಲೊ ಮತ್ತು ಗುಡ್‌ವಿನ್ ಅವರ 2000ದ ಅಧ್ಯಯನದಲ್ಲಿ ಸನ್ನೆ ಕಲಿತ ಮಕ್ಕಳು ಎರಡನೆಯ ವರ್ಷದಲ್ಲಿ ಭಾಷೆಯಲ್ಲಿ ಮುಂದಿದ್ದರೂ ಮೂರು ವರ್ಷದ ಹೊತ್ತಿಗೆ ಆ ಅಂತರ ಕರಗಿತ್ತು. 17 ಅಧ್ಯಯನಗಳನ್ನು ಪರಿಶೀಲಿಸಿದ ಕೆನಡಾದ ಸಂಶೋಧಕರು, ಇಂತಹ ಪ್ರಚಾರಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2005ರಲ್ಲಿ ಹೇಳಿದರು. ಬ್ರಿಟನ್ನಿನಲ್ಲಿ 40 ಶಿಶುಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮಕ್ಕಳ ಭಾಷೆ ಬೇಗ ಬೆಳೆದದ್ದು ಕಂಡುಬರಲಿಲ್ಲ. ಆದರೆ ಸನ್ನೆ ಕಲಿಸಿದ ತಾಯಂದಿರು ಮಗುವಿನ ಮೌನ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು. ಬದಲಾವಣೆ ಕಂಡದ್ದು ದೊಡ್ಡವರಲ್ಲಿ.

ಕಿವುಡ ಮಕ್ಕಳ ಪ್ರಶ್ನೆ

ಶ್ರವಣದೋಷವಿರುವ ಮಗುವಿನ ವಿಷಯದಲ್ಲಿ ಇದು ಬರಿಯ ಆಟವಲ್ಲ. ಕಿವುಡ ಶಿಶುಗಳು ಕೈಯಿಂದಲೇ ತೊದಲುತ್ತವೆ ಎಂಬುದನ್ನು ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ದಾಖಲಿಸಿದರು. ಕಿವುಡ ತಂದೆತಾಯಿಯರ ಕೇಳಬಲ್ಲ ಮಕ್ಕಳ ಕೈಗಳಲ್ಲಿಯೂ ಸಂಜ್ಞಾ ಭಾಷೆಗೆ ವಿಶಿಷ್ಟವಾದ ನಿಧಾನ ಲಯವಿರುವುದು 2001ರಲ್ಲಿ ಪೆಟಿಟೊ ತಂಡಕ್ಕೆ ಕಂಡಿತು. ಲಯ ಕಿವಿಗೆ ಮಾತ್ರ ಸೇರಿದ್ದಲ್ಲ. ಕಿವುಡ ಸಮುದಾಯದ ಸಂಜ್ಞಾ ಶಿಶುಗೀತೆಗಳಲ್ಲಿ ಪ್ರಾಸವೆಂದರೆ ಒಂದೇ ಹಸ್ತಾಕೃತಿಯ ಪುನರಾವರ್ತನೆ. ತಾಳವು ಕೈಯ ಚಲನೆಯಲ್ಲಿ ಕಾಣುತ್ತದೆ, ಮೈಮೇಲಿನ ತಟ್ಟುವಿಕೆಯಿಂದ ತಿಳಿಯುತ್ತದೆ.

ಅಮೆರಿಕದಲ್ಲಿ ಕಿವುಡ ಮಕ್ಕಳ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಕೇಳಬಲ್ಲ ತಂದೆತಾಯಿಯರಿಗೆ ಜನಿಸಿದವರು. ಅಂತಹ ಮನೆಗಳಲ್ಲಿ ಸಂಜ್ಞಾ ಭಾಷೆ ಸಹಜವಾಗಿ ಇರುವುದಿಲ್ಲ. ಕಿವಿಗೂ ಕಣ್ಣಿಗೂ ಪೂರ್ಣ ಭಾಷೆಯೊಂದು ದೊರೆಯದೆ ಆರಂಭಿಕ ವರ್ಷಗಳು ಕಳೆದರೆ ಆ ಕೊರತೆಯನ್ನು ಮುಂದೆ ತುಂಬುವುದು ಕಷ್ಟ. ಹಾಡಿನ ಹತ್ತಾರು ಸನ್ನೆಗಳು ಇಂತಹ ಮಗುವಿಗೆ ಸಾಲವು. ಮನೆಯವರೆಲ್ಲ ಸಂಜ್ಞಾ ಭಾಷೆಯನ್ನೇ ಕಲಿಯಬೇಕಾಗುತ್ತದೆ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ಅಮೆರಿಕದ ತಜ್ಞರ ಸಮಿತಿ ಸೂಚಿಸಿರುವ ಕ್ರಮ.

ಭಾರತದ ಪೋಷಕರು ಗಮನಿಸಬೇಕಾದ ಅಂಶವೊಂದಿದೆ. ವಿದೇಶಿ ವಿಡಿಯೊಗಳಲ್ಲಿ ಕಾಣುವ ಅಮೆರಿಕನ್ ಅಥವಾ ಬ್ರಿಟಿಷ್ ಸಂಜ್ಞೆಗಳು ಭಾರತೀಯ ಸಂಜ್ಞಾ ಭಾಷೆಯವಲ್ಲ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ನಿಘಂಟನ್ನು ಹೊರತಂದಿದೆ. ಕನ್ನಡದ ಶಿಶುಗೀತೆ ಹಾಡುವಾಗಲೂ ಸನ್ನೆಗಳನ್ನು ಅದರಿಂದ ಆರಿಸಿಕೊಳ್ಳಬಹುದು. ಶಬ್ದಕ್ಕೆ ಮಗು ತಿರುಗದಿದ್ದರೆ ಹಾಡಿನ ಪ್ರಯೋಗದಲ್ಲಿ ಕಾಲ ಕಳೆಯದೆ ಮೊದಲು ಶ್ರವಣ ಪರೀಕ್ಷೆ ಮಾಡಿಸುವುದು ಅಗತ್ಯ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಸೌಲಭ್ಯವಿದೆ.